ಮೇಜಿನ ಕೆಳಗೆ ಕೊಟ್ಟ ಮಾತು

ಹಳದಿ ಪ್ಲಾಸ್ಟಿಕ್ ಬಕೆಟ್ಟೊಂದರ ವಿಚಾರವಾಗಿ ದೊಡ್ಡವರೆಲ್ಲ ಕೂತು ತೀರ್ಮಾನಕ್ಕೆ ಬರಲೇಬೇಕಾದ ಕಾಲ ಆ ಶಿಶುವಿಹಾರಕ್ಕೆ ಒದಗಿ ಬಂತು. ಬಕೆಟ್ಟು ಅಂಗೈಗಿಂತ ಸ್ವಲ್ಪ ದೊಡ್ಡದು. ಅದರ ಹಿಡಿಕೆ ಎಂದೋ ಮುರಿದಿತ್ತು, ತಳದಲ್ಲಿ ಬಿರುಕಿದ್ದುದರಿಂದ ನೀರೂ ನಿಲ್ಲುತ್ತಿರಲಿಲ್ಲ. ಆದರೂ ಅದರ ಸಲುವಾಗಿ ಆಫೀಸಿನ ಬಾಗಿಲು ಮುಚ್ಚಿತು, ಫೋನುಗಳ ಬಾಯಿ ಕಟ್ಟಲಾಯಿತು, ಇಬ್ಬರು ಪೋಷಕರು ಕೆಲಸ ಬಿಟ್ಟು ಓಡಿ ಬಂದರು. ರಾಜ್ಯಗಳು ಕೈಬದಲಾಗುವಾಗಲೂ ಇಷ್ಟು ಬಿಗಿದ ಮುಖಗಳು ಕಾಣಸಿಗುತ್ತವೆಯೋ ಇಲ್ಲವೋ.

ನಡೆದದ್ದು ಇಷ್ಟು. ಮರಳಿನ ಗುಂಡಿಯಲ್ಲಿ ಆಡುವಾಗ ಗುಮ್ಮ ಆ ಬಕೆಟ್ಟಿನಿಂದ ಗಿಣಿಯ ಹಣೆಗೆ ಬಾರಿಸಿದ್ದ. ಇಬ್ಬರಿಗೂ ನಾಲ್ಕು ತುಂಬಿರಲಿಲ್ಲ. ಇವು ಮನೆಯವರು ಇಟ್ಟ ಹೆಸರುಗಳಲ್ಲ, ಶಿಶುವಿಹಾರದ ಆಯಾ ದಯಪಾಲಿಸಿದ ಬಿರುದುಗಳು. ಗಿಣಿ ಬೆಳಿಗ್ಗೆ ಚಪ್ಪಲಿ ಕಳಚುವಾಗ ತೆರೆದ ಬಾಯಿಯನ್ನು ಮಧ್ಯಾಹ್ನ ಚಪ್ಪಲಿ ಮೆಟ್ಟುವಾಗಲೂ ಮುಚ್ಚುತ್ತಿರಲಿಲ್ಲ. ಗುಮ್ಮ ಸೇರಿದಂದಿನಿಂದ ತುಟಿಪಿಟಕ್ಕೆಂದಿರಲಿಲ್ಲ. ಬಂದವನೇ ಗೋಡೆಗೆ ಒತ್ತಿಕೊಂಡಿದ್ದ ಮೇಜಿನ ಕೆಳಗೆ ನುಸುಳುತ್ತಿದ್ದ, ಮನೆಗೆ ಹೋಗುವ ಹೊತ್ತಿಗೆ ಹೊರಬರುತ್ತಿದ್ದ.

ಅವರ ತರಗತಿಯನ್ನು ನೋಡಿಕೊಳ್ಳುತ್ತಿದ್ದವಳು ಚಿಕ್ಕ ಮಿಸ್. ಸೇರಿ ಎರಡು ವರ್ಷವಾಗುತ್ತ ಬಂದಿದ್ದರೂ ಕೆಲಸ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಅತ್ತೆ ದಿನಾ ಸಂಜೆ, "ಕಾಯಂ ಆಯ್ತೇನಮ್ಮಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಕೇಳುವ ಧಾಟಿ ನೋಡಿದರೆ, ಕೆಲಸ ಕಾಯಂ ಆಗುವವರೆಗೆ ಸೊಸೆಯೂ ಕಾಯಂ ಅಲ್ಲವೇನೋ ಎನ್ನುವ ಹಾಗಿರುತ್ತಿತ್ತು.

ಚಿಕ್ಕ ಮಿಸ್ ಗುಮ್ಮನನ್ನು ಮೇಜಿನ ಕೆಳಗಿನಿಂದ ಎಳೆಯಲಿಲ್ಲ, ಕರೆಯಲೂ ಇಲ್ಲ. ಮೇಜಿನ ಪಕ್ಕ ನೆಲದ ಮೇಲೆ ಕೂತು, ಅವನ ಕಡೆ ನೋಡದೆ ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಕಾಲು ಮಾತ್ರ ಒಳಗಿಟ್ಟಳು. ಆಮೇಲೆ ಮೊಣಕಾಲಿಗೆ ಗದ್ದ ತಾಗುವಂತೆ ಮುದುಡಿಕೊಂಡು ಪೂರ್ತಿ ಒಳಗೇ ಹೋದಳು. ಆಯಾ ಕಸ ಗುಡಿಸುತ್ತ ಬಗ್ಗಿ ನೋಡಿ, "ಇನ್ನು ನೀವೂ ಅಲ್ಲೇ ಬಿಡಾರ ಹೂಡಿಬಿಡಿ ಮಿಸ್, ಬಾಡಿಗೆ ಉಳಿಯುತ್ತೆ," ಎಂದಳು.

ಹುಡುಗ ಬಾಯಿಬಿಟ್ಟದ್ದು ಒಂದು ಮಧ್ಯಾಹ್ನ. ಪಕ್ಕದ ತರಗತಿಯ ಟೀಚರು ಯಾವುದೋ ಮಗುವಿನ ಕಿವಿ ಹಿಡಿದು ಸಾರಿ ಹೇಳಿಸುತ್ತಿದ್ದುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಗುಮ್ಮ ಕಿವಿಗೊಟ್ಟು ಕೇಳಿದ. ಆಮೇಲೆ, ಹೊರಗೆ ಬಿಸಿಲಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ: "ಅಪ್ಪ ಹೊಡೆದಾದ್ಮೇಲೆ ಸಾರಿ ಅಂತಾನೆ. ಆಮೇಲೆ ಇನ್ನೊಂದಿನ ಹೊಡೀತಾನೆ."

ಚಿಕ್ಕ ಮಿಸ್‌ಗೆ ಯೋಚಿಸುವ ಮೊದಲೇ ಬಾಯಿಂದ ಮಾತು ಜಾರಿತು. "ನಮ್ಮ ಕ್ಲಾಸಲ್ಲಿ ಯಾರ ಕೈಲೂ ಹಾಗೆ ಬಲವಂತವಾಗಿ ಸಾರಿ ಹೇಳಿಸಲ್ಲ ಪುಟ್ಟ. ನಾನಂತೂ ಹೇಳಿಸಲ್ಲ."

"ನಿಜ್ವಾಗ್ಲೂ?"

"ನಿಜ್ವಾಗ್ಲೂ."

ಮಾರನೆಯ ದಿನ ಗುಮ್ಮ ಮೇಜಿನ ಕೆಳಗೆ ಹೋಗಲಿಲ್ಲ. ಮೇಜಿನ ಪಕ್ಕ ಕೂತ. ಅದರ ಮರುವಾರ ಮರಳಿನ ಗುಂಡಿಗೆ ಇಳಿದ.

ಅಪ್ಪನ ವಿಷಯವನ್ನು ಚಿಕ್ಕ ಮಿಸ್ ಹೊಟ್ಟೆಯಲ್ಲೇ ಇಟ್ಟುಕೊಳ್ಳಲಿಲ್ಲ, ಶಿಶುವಿಹಾರದ ಮುಖ್ಯಸ್ಥೆ ದೊಡ್ಡ ಮಿಸ್ ಹತ್ತಿರ ಹೇಳಿದಳು. ದೊಡ್ಡ ಮಿಸ್ ಆಗಷ್ಟೇ ಮಕ್ಕಳ ಭಾವನೆಗಳ ಬಗ್ಗೆ ತರಬೇತಿ ಮುಗಿಸಿ ಬಂದಿದ್ದರು. ಅದರ ಫಲವಾಗಿ ಗೋಡೆಯ ಮೇಲೆ ನಗು, ಅಳು, ಭಯ, ಕೋಪದ ನಾಲ್ಕು ಮುಖಗಳು ನೇತಾಡುತ್ತಿದ್ದವು. ಹೊರಗಿನವರು ನೋಡಲು ಬಂದಾಗ ಮಾತ್ರ ಕೋಪದ ಮುಖ ಬೀರುವಿನ ಹಿಂದಕ್ಕೆ ಸರಿಯುತ್ತಿತ್ತು. ದೊಡ್ಡ ಮಿಸ್ ಎಲ್ಲವನ್ನೂ ಕೇಳಿಸಿಕೊಂಡು, ಮನೆಯೊಳಗಿನ ವಿಷಯಕ್ಕೆ ನಾವು ಮೂಗು ತೂರಿಸುವುದು ಚೆನ್ನಾಗಿರುವುದಿಲ್ಲ, ನಾವು ಭಾವನೆಗಳ ಕಡೆ ಗಮನ ಕೊಡೋಣ ಎಂದರು.

ಚಿಕ್ಕ ಮಿಸ್ ತನ್ನ ತರಗತಿಯಲ್ಲಿ ಬೇರೊಂದು ರೂಢಿ ಮಾಡಿದ್ದಳು. ಹೊಡೆದವರು ಅಳುತ್ತಿರುವವರ ಪಕ್ಕ ಕೂರಬೇಕು, ಮುಖ ನೋಡಬೇಕು, ಅವರಿಗೆ ಏನು ಬೇಕು ಅಂತ ಕಂಡುಹಿಡಿಯಬೇಕು. ಅಷ್ಟೇ. ಬಕೆಟ್ಟಿನ ಏಟು ಬಿದ್ದಾಗ ಗುಮ್ಮನ ಮುಖ ಬಿಳಿಚಿಕೊಂಡಿತು. ಎದ್ದು ಓಡಿದ. ಮತ್ತೆ ಮೇಜಿನ ಕೆಳಗೆ ಸೇರಿದನೆಂದೇ ಚಿಕ್ಕ ಮಿಸ್ ಅಂದುಕೊಂಡಳು. ಅವನು ಓಡಿದ್ದು ನಲ್ಲಿಯ ಹತ್ತಿರಕ್ಕೆ. ಕರ್ಚೀಫು ಒದ್ದೆ ಮಾಡಿ, ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ಬಂದು ಗಿಣಿಯ ಕಣ್ಣಿನ ಮೇಲೆ ಇಟ್ಟ. "ಅಲ್ಲಲ್ವೋ, ಇಲ್ಲಿ," ಎಂದು ಗಿಣಿ ಅಳುತ್ತಲೇ ಅವನ ಕೈ ಹಿಡಿದು ಹಣೆಗೆ ಸರಿಸಿಕೊಂಡಳು. ಅಳು ನಿಂತ ಮೇಲೆ ಇಬ್ಬರೂ ಸೇರಿ ಮರಳಿನ ಗುಡ್ಡ ಕಟ್ಟಿದರು. ಎರಡು ವರ್ಷದ ದುಡಿಮೆಗೆ ಇಷ್ಟು ಸಾಕು ಎನಿಸಿತು ಚಿಕ್ಕ ಮಿಸ್‌ಗೆ.

ಗಿಣಿಯ ಅಮ್ಮನಿಗೆ ಸಾಕೆನಿಸಲಿಲ್ಲ. ಆಕೆ ಹಲ್ಲಿನ ಡಾಕ್ಟರು. ರೋಗಿಯ ಬಾಯಿ ತೆರೆಸಿಟ್ಟು ಪ್ರಶ್ನೆ ಕೇಳಿ ಕೇಳಿ, ಉತ್ತರಕ್ಕೆ ಕಾಯುವ ಅಭ್ಯಾಸ ತಪ್ಪಿಹೋಗಿತ್ತು. ಸಂಜೆ ಮಗಳ ಹಣೆಯ ಬುಗುಟನ್ನು ಮುಟ್ಟಿ ನೋಡಿ ಫೋನು ಮಾಡಿದವರು ಕೇಳಿದ್ದು ಒಂದೇ: ಆ ಹುಡುಗ ಸಾರಿ ಕೇಳಿದನೋ ಇಲ್ಲವೋ.

ಮರುದಿನ ಇಬ್ಬರು ಪೋಷಕರನ್ನೂ ಮಕ್ಕಳನ್ನೂ ಆಫೀಸಿಗೆ ಕರೆಸಲಾಯಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ದೊಡ್ಡ ಮಿಸ್ ಹವಾಮಾನದ ಮಾತಾಡುವಂತೆ, ಕಾಯಂ ಮಾಡುವ ವಿಷಯ ಈ ತಿಂಗಳೇ ಶಿಶುವಿಹಾರದ ಕಮಿಟಿ ಮುಂದೆ ಬರುತ್ತದೆ, ಈ ಡಾಕ್ಟರು ಕಮಿಟಿಯಲ್ಲಿದ್ದಾರೆ ಎಂದು ಚಿಕ್ಕ ಮಿಸ್‌ಗೆ ತಿಳಿಸಿದರು.

ಗುಮ್ಮನ ಅಪ್ಪ ಲಿಫ್ಟ್ ರಿಪೇರಿ ಮಾಡುವವನು, ನಗುಮುಖದ ಮನುಷ್ಯ. ಕೂರುವ ಮೊದಲೇ ಡಾಕ್ಟರಿಗೊಮ್ಮೆ, ದೊಡ್ಡ ಮಿಸ್‌ಗೊಮ್ಮೆ, ಕಾಲಿಗೆ ತಾಗಿದ ಕುರ್ಚಿಗೊಮ್ಮೆ ಸಾರಿ ಹೇಳಿ ಮುಗಿಸಿದ್ದ. ತಲೆಯನ್ನು ಒಂದು ಕಡೆಗೆ ವಾಲಿಸಿ ಹೇಳುತ್ತಿದ್ದುದರಿಂದ ನೋಡಿದವರಿಗೆ ಪಾಪ ಅನಿಸುತ್ತಿತ್ತು. "ನಮ್ಮವನು ಸ್ವಲ್ಪ ಒರಟು ಮೇಡಂ. ಎಲ್ಲಿ ಕಲಿತನೋ," ಎಂದ.

ಚಿಕ್ಕ ಮಿಸ್ ತನ್ನ ರೂಢಿಯನ್ನು ವಿವರಿಸಿದಳು. ಕರ್ಚೀಫಿನ ಮಾತು ಬಂದಾಗ ದೊಡ್ಡ ಮಿಸ್ ಕಿಟಕಿಯಾಚೆ ನೋಡಿದರು. ಗಿಣಿಗೆ ಸುಮ್ಮನಿರಲಾಗಲಿಲ್ಲ. ಕರ್ಚೀಫು ತಣ್ಣಗಿತ್ತು, ಗುಡ್ಡ ತನ್ನ ಹೊಟ್ಟೆಯವರೆಗೂ ಬಂದಿತ್ತು, ಅದಕ್ಕೆ ಬಾಗಿಲೂ ಇತ್ತು ಎಂದು ಸಾಕ್ಷಿ ಹೇಳತೊಡಗಿದಳು.

"ನೀನು ಸುಮ್ನಿರು ಚಿನ್ನ, ದೊಡ್ಡವರು ಮಾತಾಡ್ತಿದ್ದಾರೆ," ಎಂದರು ಅವಳ ಅಮ್ಮ. ಆಮೇಲೆ ಚಿಕ್ಕ ಮಿಸ್ ಕಡೆ ತಿರುಗಿದರು. "ನಾನೇನು ಶಿಕ್ಷೆ ಕೊಡಿ ಅಂತಿಲ್ಲ. ಒಂದೇ ಒಂದು ಮಾತು. ಅದನ್ನೂ ಕಲಿಸಕ್ಕಾಗಲ್ಲ ಅಂದ್ರೆ ನೀವು ಇಲ್ಲಿ ಕಲಿಸೋದಾದ್ರೂ ಏನು?"

ಅಪ್ಪನ ಕೈ ಮಗನ ಕತ್ತಿನ ಹಿಂದಕ್ಕೆ ಹೋಯಿತು. "ನಾನು ಹೇಳಿಸ್ತೀನಿ ಬಿಡಿ."

"ಬೇಡ, ನಾನೇ ಹೇಳಿಸ್ತೀನಿ," ಎಂದಳು ಚಿಕ್ಕ ಮಿಸ್.

ಅಪ್ಪನ ಕೈಯಿಂದ ಹುಡುಗನನ್ನು ಬಿಡಿಸಲು ಹಾಗೆಂದೆ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದು ನಿಂತದ್ದು ಅತ್ತೆಯ ಮುಖ.

ಮಂಡಿಯೂರಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟಳು. "ಹೇಳ್ಬಿಡು ಪುಟ್ಟ. ಒಂದೇ ಸಲ."

ಗುಮ್ಮ ಅವಳನ್ನು ನೋಡಿದ. ಅಚ್ಚರಿಯಿಂದ ನೋಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಡವಾದರೂ ಬರಬೇಕಾದ ಬಸ್ಸು ಬಂತು ಎಂದು ಜನ ನೋಡುವ ಹಾಗೆ ನೋಡಿದ. ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಸ್ಪಷ್ಟವಾಗಿ, "ಸಾರಿ," ಎಂದ.

ಎಲ್ಲರೂ ಉಸಿರು ಬಿಟ್ಟರು. ಡಾಕ್ಟರಂತೂ ಕರಗಿಯೇ ಹೋಗಿ, ಚೀಲದಿಂದ ಕರಡಿ ಚಿತ್ರದ ಪುಟ್ಟ ಬ್ರಷ್ಷೊಂದನ್ನು ತೆಗೆದು ಅವನ ಕೈಗಿತ್ತರು. ಅದಕ್ಕೂ ಅವನು ಸಾರಿ ಎಂದ. ದೊಡ್ಡವರೆಲ್ಲ ನಕ್ಕರು.

ಆಮೇಲೆ ಗುಮ್ಮ ಮೇಜಿನ ಕೆಳಗೆ ಹೋಗಲೇ ಇಲ್ಲ. ಎಲ್ಲರೊಂದಿಗೂ ಬೆರೆತ. ಸಾಲಿನಲ್ಲಿ ಮುಂದಿನವರನ್ನು ದಬ್ಬಿ, ಅವರು ನೆಲಕ್ಕೆ ಬೀಳುವ ಮುಂಚೆಯೇ ಸಾರಿ ಅನ್ನುತ್ತಿದ್ದ. ಪಕ್ಕದವರ ತಟ್ಟೆಗೆ ಕೈಹಾಕುವಾಗ ಎಡಗೈಯಲ್ಲಿ ತಿಂಡಿ, ಬಾಯಲ್ಲಿ ಸಾರಿ. ಗಿಣಿಯೂ ಬೇಗ ಕಲಿತಳು, ಅವನನ್ನು ಚಿವುಟಿ ಸಾರಿ ಹೇಳಿದಳು. ಅಳುವ ಮಕ್ಕಳ ಪಕ್ಕ ಈಗ ಯಾರೂ ಕೂರುತ್ತಿರಲಿಲ್ಲ, ಅದರ ಅಗತ್ಯವೂ ಕಾಣುತ್ತಿರಲಿಲ್ಲ. ದೊಡ್ಡ ಮಿಸ್ ನೋಡಲು ಬಂದವರನ್ನೆಲ್ಲ ಆ ತರಗತಿಗೆ ಕರೆತಂದು, ಮಾತೇ ಆಡದಿದ್ದ ಹುಡುಗ ಹೇಗೆ ಅರಳಿದ್ದಾನೆ ನೋಡಿ ಎಂದು ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ಚಿಕ್ಕ ಮಿಸ್ ಮರಳಿನ ಗುಂಡಿಯ ಅಂಚಿನಲ್ಲಿ ಅವನ ಪಕ್ಕ ಹೋಗಿ ಕೂತಳು. ಮರಳನ್ನು ಬೆರಳಿಂದ ಕೆದಕಿದಳು.

"ಸಾರಿ ಮಿಸ್," ಎಂದು ಗುಮ್ಮ ಎದ್ದು ಗುಂಡಿಯ ಆಚೆ ಬದಿಗೆ ಹೋಗಿ ಕೂತ.

ತಿಂಗಳ ಕೊನೆಗೆ ಕಮಿಟಿ ಸೇರಿತು. ಹಲ್ಲಿನ ಡಾಕ್ಟರೇ ಮೊದಲು ಕೈ ಎತ್ತಿದರು. ಚಿಕ್ಕ ಮಿಸ್‌ ಕೆಲಸ ಕಾಯಂ ಆಯಿತು.