ಕೋಳಿಗೆ ಹೊಲಿದ ಫ್ಲಾನೆಲ್ ಅಂಗಿ

ನಮ್ಮ ಮಾವ ಕೋಳಿಗೆ ಅಂಗಿ ಹೊಲಿದರು. ತಮಾಷೆಗಲ್ಲ. ಬೂದು ಹೇಂಟೆ ಎರಡು ದಿನದಿಂದ ಕತ್ತು ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಅದಕ್ಕೆ ಶೀತವೆಂದು ತೀರ್ಮಾನಿಸಿ, ಫ್ಲಾನೆಲ್ ಕತ್ತರಿಸಿ, ರೆಕ್ಕೆಗೆ ಎರಡು ತೂತು ಬಿಟ್ಟು, ಬೆನ್ನಿಗೆ ಗುಂಡಿ ಹಾಕಿ ತೊಡಿಸಿಬಿಟ್ಟರು. ಮನೆಯ ಮುಂಭಾಗದಲ್ಲೇ ಅವರ ಟೈಲರ್ ಅಂಗಡಿ. ಯಾವ ಕಷ್ಟ ಬಂದರೂ ಅವರ ಕೈ ಮೊದಲು ಹೋಗುವುದು ಕತ್ತರಿಗೆ.

ಶೀತ ತಂದವರು ಯಾರು? ನಾನು, ಸೊಸೆ. ವಾರಕ್ಕೊಮ್ಮೆ ಕೋಳಿಗೂಡು ತೊಳೆಯುತ್ತೇನಲ್ಲ, ಆ ತೇವಕ್ಕೇ ಹಿಂದಿನ ತಿಂಗಳು ಎರಡು ಕೋಳಿ ಸತ್ತವಂತೆ. ಅಳತೆ ಕೊಡಲು ಬಂದವರಿಗೆಲ್ಲ ಮಾವ ಇದನ್ನು ಹೇಳಿದ್ದರು. ಎದೆ ಮೂವತ್ತೆಂಟು, ಸೊಂಟ ಮೂವತ್ತಾರು, ನಮ್ಮ ಸೊಸೆ ಕೋಳಿ ಕೊಂದಳು. ಬೀದಿಯಲ್ಲಿ ಹೆಂಗಸರು "ಇವತ್ತು ಗೂಡು ತೊಳೆದ್ಯೇನಮ್ಮಾ?" ಎಂದು ನಗುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದೂ ಸತ್ತರೆ ಆ ಹೆಸರು ನನಗೆ ಕಾಯಂ.

ಬೆಳಿಗ್ಗೆ ಕಾಳು ಹಾಕುವ ಮೊದಲೇ ಅಂಗಿ ಬಿಚ್ಚಿ ಹೇಂಟೆಯನ್ನು ಮಡಿಲಲ್ಲಿ ಕೂರಿಸಿಕೊಂಡೆ. ಮೂಗು ಒಣಗಿತ್ತು. ಸೀನಿಲ್ಲ, ಗೊರಗೊರ ಇಲ್ಲ. ಇದೆಂಥ ಶೀತ? ಕತ್ತಿನ ಬುಡ ಮುಟ್ಟಿದೆ. ತಿಂದ ಕಾಳು ಮೊದಲು ಹೋಗಿ ಕೂರುವ ಚೀಲವದು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಖಾಲಿಯಾಗಬೇಕು. ಇದರದು ಮುಷ್ಟಿಯಷ್ಟು ಊದಿ ಗಟ್ಟಿಯಾಗಿತ್ತು.

"ಮಾವ, ಇದು ಶೀತ ಅಲ್ಲ. ಚೀಲ ಕಟ್ಕೊಂಡಿದೆ, ಮುಟ್ಟಿ ನೋಡಿ."

ಅವರು ಮುಟ್ಟಲಿಲ್ಲ. ಲೋಟದಲ್ಲಿ ಮೆಣಸಿನ ಕಷಾಯ ಹಿಡಿದು ಬಂದಿದ್ದರು. "ನೀನ್ಯಾವಾಗ ಡಾಕ್ಟ್ರಾದೆ? ಬಾಯಿ ತೆಗೆಸು, ಹುಯ್ತೀನಿ."

ಲೋಟ ಕಸಿದುಕೊಂಡು ಬಚ್ಚಲಿಗೆ ಸುರಿದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಾವನ ಕೈಯಿಂದ ಏನನ್ನೂ ಕಸಿದವಳಲ್ಲ ನಾನು. ಅವರು ಬಾಯಿ ತೆರೆದು ನಿಂತರು. ಆ ಗಳಿಗೆಯಲ್ಲಿ ಕೋಳಿಗೂ ಅವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹೇಂಟೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಚೀಲ ಒತ್ತಿ ನೋಡಿ ಮೊದಲು ಕೇಳಿದ್ದು ಇದನ್ನೇ. "ಬಾಯಿಗೆ ಏನೂ ಹುಯ್ದಿಲ್ಲ ತಾನೆ? ಈ ಸ್ಥಿತೀಲಿ ಹುಯ್ದಿದ್ರೆ ಉಸಿರಿನ ಕೊಳವೆಗೆ ಹೋಗಿ ಅಲ್ಲೇ ಮುಗೀತಿತ್ತು."

ಮರಗಟ್ಟಿಸುವ ಮದ್ದು ಚುಚ್ಚಿ, ಚರ್ಮವನ್ನು ಒಂದಿಷ್ಟು ಕೊಯ್ದು, ಚಿಮುಟದಿಂದ ಎಳೆದರು. ಬಂತು ಉಂಡೆ. ಹುಳಿ ವಾಸನೆ, ನೆನೆದ ಕಾಳು, ಅದಕ್ಕೆ ಸುತ್ತಿಕೊಂಡ ನೀಲಿ ದಾರ. ಶಾಲೆಯ ಸಮವಸ್ತ್ರಗಳಿಗೆ ತಿಂಗಳಿಡೀ ಅಂಗಡಿಯಲ್ಲಿ ಓಡಿದ ಅದೇ ನೀಲಿ.

ನನಗೆ ಎಲ್ಲ ತಿಳಿಯಿತು. ಅಂಗಡಿ ಮುಚ್ಚುವಾಗ ಮಾವ ನೆಲ ಗುಡಿಸಿ ಕಸವನ್ನು ಗೂಡಿನ ಮುಂದೆ ಎರಚುತ್ತಾರೆ. ಮೆಷಿನ್ ಪಕ್ಕ ಕೂತು ಉಂಡ ಕೆಲಸದ ಹುಡುಗರು ಚೆಲ್ಲಿದ ಚೂರುಪಾರು ಕೋಳಿಗೆ ಸಿಗಲಿ, ಹಾಳಾಗದಿರಲಿ ಎಂದು. ಆ ಕೆಲಸ ಬೇರೆಯವರಿಗೆ ಬಿಡುವುದಿಲ್ಲ. ತುಂಡು ದಾರಗಳನ್ನು ಕೋಳಿಗಳು ಹುಳುವೆಂದು ನುಂಗಿವೆ. ಸತ್ತ ಎರಡೂ ಹೀಗೇ ಕತ್ತು ಚಾಚಿ ಸತ್ತಿದ್ದವು.

"ಇದನ್ನ ಕಟ್ಟಿಕೊಡಿ" ಎಂದೆ. ಡಾಕ್ಟರಮ್ಮ ವಿಚಿತ್ರವಾಗಿ ನೋಡಿದರೂ, ಹೇಂಟೆಗೆ ಹೊಲಿಗೆ ಹಾಕಿ ಮುಗಿಸಿ ಕಟ್ಟಿಕೊಟ್ಟರು.

ಸಂಜೆ ಅಂಗಡಿಗೆ ಬಂದಾಗ ಮೇಷ್ಟರೊಬ್ಬರು ಪ್ಯಾಂಟಿನ ಅಳತೆ ಕೊಡುತ್ತಿದ್ದರು. ಬುಟ್ಟಿಯಲ್ಲಿ ಕತ್ತೆತ್ತಿ ಕೂತಿದ್ದ ಹೇಂಟೆ ನೋಡಿ ನಕ್ಕರು. "ಏನಮ್ಮಾ, ಶೀತ ಹೋಯ್ತಾ?"

ಪೊಟ್ಟಣ ಬಿಚ್ಚಿ ಉಂಡೆಯನ್ನು ಕತ್ತರಿಸುವ ಮೇಜಿನ ಮೇಲಿಟ್ಟೆ. "ಶೀತ ಇಲ್ಲಿದೆ ನೋಡಿ ಮೇಷ್ಟ್ರೇ. ಯಾರ ಅಂಗಡಿದು ಅಂತ ಮಾವನ್ನೇ ಕೇಳಿ."

ಮಾವ ಉಂಡೆಯನ್ನು ಕೈಗೆತ್ತಿಕೊಂಡರು. ದಾರದ ತುದಿ ಹಿಡಿದು ಎಳೆದರು, ಹೊಸೆದು ನೋಡಿದರು. ಮೆಷಿನ್‌ಗಳು ಒಂದೊಂದಾಗಿ ನಿಂತವು.

"ನಂದೇ" ಎಂದರು ಕೊನೆಗೆ. "ಆ ಎರಡನ್ನೂ ನಾನೇ ಕೊಂದದ್ದು ಮೇಷ್ಟ್ರೇ. ಇವಳಲ್ಲ."

ಅಷ್ಟು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಮುಟ್ಟಿ ನೋಡಿ ಎಂದು ನಾನು ಬೆಳಿಗ್ಗೆಯೇ ಹೇಳಿರಲಿಲ್ಲವೇ? ನನ್ನ ಮಾತು ನಂಬಲು ಒಂದು ಜೀವದ ಕತ್ತಿನ ಬುಡ ಕೊಯ್ದು ತೋರಿಸಬೇಕಾಯಿತು.