ಎತ್ತದೇ ಉಳಿದ ಪಂಜರ

ಕಲ್ಲಿದ್ದಲಿಗಾಗಿ ತಲೆ ಬೋಳಿಸಿ, ಆಮೇಲೆ ಮಣ್ಣು ಹೊದಿಸಿ ಹುಲ್ಲು ಬಿತ್ತಿದ ಗುಡ್ಡ ಅದು. ಅದನ್ನು ಹತ್ತಿ ಇಳಿದೇ ನನ್ನ ಮಂಡಿಚಿಪ್ಪು ಸವೆದಿದೆ. ಗುಡ್ಡದ ಮೇವು ನೋಡಿಕೊಳ್ಳುವ ಸರ್ಕಾರಿ ಕಚೇರಿಯ ಪ್ರಕಾರ ನಾನು ಹುಲ್ಲು ಅಳೆಯುವವನು. ಕೆಂಟಕಿಯ ಈ ಕಣಿವೆಯ ಜನರ ಪ್ರಕಾರ ಸಂಬಳ ತಗೊಂಡು ಹುಲ್ಲು ಕೀಳುವವನು. ಎರಡೂ ನಿಜವೇ.

ಕೆಲಸ ಇಷ್ಟೇ. ದನ ಬಾಯಿ ಹಾಕದಂತೆ ಅಲ್ಲಲ್ಲಿ ತಂತಿಯ ಪಂಜರ ಇಡಬೇಕು. ಶರತ್ಕಾಲದಲ್ಲಿ ಪಂಜರದೊಳಗೆ ಮೊಳದಗಲ ಹುಲ್ಲು, ಹೊರಗೆ ಮೊಳದಗಲ ಹುಲ್ಲು ಕೊಯ್ದು ಒಣಗಿಸಿ ತೂಗಬೇಕು. ವ್ಯತ್ಯಾಸ ಎಷ್ಟೋ ಅಷ್ಟು ದನ ತಿಂದಿದೆ ಎಂದರ್ಥ. ಪ್ರತಿ ವಸಂತದಲ್ಲೂ ಪಂಜರಗಳನ್ನು ಕಿತ್ತು ಹೊಸ ಜಾಗಕ್ಕೆ ಒಯ್ಯಬೇಕು. ಇಲ್ಲದಿದ್ದರೆ ಹಳೆಯ ಹುಲ್ಲು ಒಳಗೇ ಸೇರಿಕೊಂಡು ತೂಕ ಸುಳ್ಳಾಗುತ್ತದೆ. ಹನ್ನೆರಡು ಪಂಜರ, ಒಂದೊಂದೂ ಹೆಣಭಾರ.

ಮೂರು ವರ್ಷದಿಂದ ನಾನು ಒಂದನ್ನೂ ಎತ್ತಿರಲಿಲ್ಲ. ಅಳತೆಯ ಪುಸ್ತಕದಲ್ಲಿ ಮಾತ್ರ 'ಸ್ಥಳಾಂತರಿಸಲಾಗಿದೆ' ಎಂದು ಬರೆಯುತ್ತಿದ್ದೆ. ಸುಸ್ತಾಗಿತ್ತು. ಹುಲ್ಲನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದೆ.

ಒಳಗಿನ ತೂಕ ವರ್ಷವರ್ಷಕ್ಕೂ ಏರಿತು. ದನಗಳು ಗುಡ್ಡವನ್ನು ಬರಿದು ಮಾಡುತ್ತಿವೆ ಎಂದು ಕಚೇರಿಯವರು ತೀರ್ಮಾನಿಸಿದರು. ಈ ಸಲವೂ ಅಂಕಿ ಹಾಗೇ ಬಂದರೆ ಇಲ್ಲಿ ದನ ಮೇಯಿಸುವ ಡೆಲ್ಫಿಯಾ ಐಸನ್‌ಳ ನಲವತ್ತು ಹಸುಗಳು ಗುಡ್ಡ ಇಳಿಯಬೇಕು. ಕೆಳಗೆ ಅವಳಿಗಿರುವುದು ಒಂದು ಮನೆ, ಅದರ ಹಿಂದೆ ಕಡಿದಾದ ಕಾಡು. ಇಳಿಸುವುದೆಂದರೆ ಹರಾಜಿಗೆ ಕಳಿಸುವುದು. ಅವಳ ಗಂಡ ರೇ, ಎದೆಯಲ್ಲಿ ಗಣಿಯ ದೂಳು ತುಂಬಿಕೊಂಡು ಸಾಯುವ ತನಕ, ಆರು ಕರುಗಳಿಂದ ಬೆಳೆಸಿದ ಹಿಂಡು ಅದು.

ಅಕ್ಟೋಬರಿನ ಆ ಬೆಳಿಗ್ಗೆ ಅವಳೂ ಮೇಲೆ ಬಂದಳು. ನನ್ನ ಮಂಡಿಯ ಕಟಕಟ ಕೆಳಗಿನ ಗೇಟಿಗೇ ಕೇಳಿಸಿತು ಎಂದು ಹಂಗಿಸುತ್ತಾ ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಕಾಳು ಕೊಟ್ಟಳು. ತಿಂದು ಏಳನೇ ಪಂಜರದೊಳಗೆ ಕತ್ತರಿ ಹಾಕಿದೆ. ಮೇಲೆ ಒಂದಿಷ್ಟು ಹಸಿರು; ಅಡಿಯಲ್ಲಿ ಗೇಣುದ್ದ ಕೊಳೆತ ಹಳದಿ ಹುಲ್ಲು. ತಂತಿಗೆ ಮುಳ್ಳುಬಳ್ಳಿ ಹೆಣೆದುಕೊಂಡಿತ್ತು. ಹೊರಗೆ, ದನ ಮೇಯ್ದಲ್ಲಿ, ಪಾದ ಮುಚ್ಚುವಷ್ಟು ಹಸಿರು ಕ್ಲೋವರ್, ದನಕ್ಕೆ ಇಷ್ಟದ ಮೇವಿನ ಸೊಪ್ಪು. ಅವಳಿಗೆ ಕಾಣದಿರಲೆಂದು ಅಡ್ಡ ಕೂತೆ.

"ಮರೆ ಮಾಡ್ಬೇಡ ವರ್ಜಿಲ್," ಅಂದಳು. "ರೇ ತೀರ್ಕೊಂಡ ವರ್ಷದಿಂದ ಇದು ಇಲ್ಲೇ ಇದೆ. ನಂಗೊತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಿನ್ನನ್ನ ಮನೆಗೆ ಕಳಿಸ್ತಿದ್ರು. ಕುಂಟ್ಕೊಂಡು ಹತ್ತೋದು ನೋಡ್ತಿರ್ಲಿಲ್ವಾ ನಾನು? ಅದು ನನ್ನ ಹಸುಗಳ ತಲೆಗೇ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು ಮಾರಾಯಾ."

ಹಾಳಾದ್ದು, ಅವಳು ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿವೃತ್ತಿಗೆ ಐದೇ ತಿಂಗಳು ಉಳಿದಿತ್ತು.

ಅವಳು ಏನನ್ನೂ ಬೇಡಲಿಲ್ಲ. "ಹರಾಜಿನ ಲಾರಿಗೆ ಹೇಳ್ಲೋ, ಬೇಡ್ವೋ? ಅಷ್ಟು ಹೇಳು ಸಾಕು," ಎಂದಳು.

ಜೇಬಿನಿಂದ ಪುಸ್ತಕ ತೆಗೆದೆ. ಮೂರು ವರ್ಷದ 'ಸ್ಥಳಾಂತರಿಸಲಾಗಿದೆ'ಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಪಂಜರ ಎತ್ತಿಲ್ಲ, ತೂಕವೆಲ್ಲ ತಪ್ಪು, ತಪ್ಪು ನನ್ನದು ಎಂದು ಬರೆದು ರುಜು ಹಾಕಿ ಅವಳಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಪೆನ್ಷನ್?"

"ನೋಡೋಣ."

"ಆ ಕಡೆ ಹಿಡಿ," ಎಂದು ಪಂಜರಕ್ಕೆ ಕೈಹಾಕಿದಳು. ಗೂಟಗಳು ತುಕ್ಕು ಹಿಡಿದು ಮಣ್ಣಿಗೆ ಕಚ್ಚಿಕೊಂಡಿದ್ದವು. ಇಬ್ಬರೂ ಏದುಸಿರು ಬಿಡುತ್ತಾ ಮೂರನೇ ಸಲ ಎಳೆದಾಗ ಅದು ಕಿತ್ತು ಬಂತು. ಅವಳ ಹಸುವೊಂದು ಹತ್ತಿರ ಬಂತು. ದನ ಮುಟ್ಟದಂತೆ ನಾನು ಮೂರು ವರ್ಷ ಕಾದಿಟ್ಟ ಹುಲ್ಲನ್ನು ಮೂಸಿ, ಮೂತಿ ತಿರುಗಿಸಿಕೊಂಡು ಹೋಯಿತು.