ಕತ್ತಲಿಲ್ಲದ ಊರಿಗೆ ಬಂದ ದೀಪದ ಕಂಬ

"ಎತ್ತೇ ಮುದಿ ಮುಂಡೆ, ಎತ್ತು ಆ ತಟ್ಟೀನ. ಮಂತ್ರಿ ಕಣ್ಣಿಗೆ ಒಂದೇ ಒಂದು ಗೆಣಸಿನ ಚೂರು ಬಿತ್ತೋ, ನಿನ್ನನ್ನೂ ಅದೇ ಬೆಂಕೀಲಿ ಒಣಗಾಕಿಬಿಡ್ತೀನಿ."

ಹೀಗಂದವನು ಟೊಬೋರೆ. ಊರಿಗೂ ಎಣ್ಣೆ ಕಂಪನಿಗೂ ನಡುವೆ ನಿಂತು ಮಾತಾಡುವುದು ಅವನ ಕೆಲಸ. ಊರಿನ ಮಾತನ್ನು ಅವನು ಕಂಪನಿಗೆ ಮುಟ್ಟಿಸಿದ್ದನ್ನು ಯಾರೂ ಕಂಡಿರಲಿಲ್ಲ. ಕಂಪನಿಯ ಮಾತನ್ನು ಮಾತ್ರ ಊರಿಗೆ ತಪ್ಪದೆ ಮುಟ್ಟಿಸುತ್ತಿದ್ದ, ಒಮ್ಮೊಮ್ಮೆ ಕಾಲಿನಿಂದಲೂ. ಅನ್ನಿಸಿಕೊಂಡವಳು ಮಾಜಿರಿ, ಮರಗೆಣಸು ಒಣಗಿಸುವ ಹೆಂಗಸರಿಗೆಲ್ಲ ಯಜಮಾನಿ.

ಮಾಜಿರಿ ತಟ್ಟಿ ಎತ್ತಲಿಲ್ಲ. ಕೂತಲ್ಲಿಂದಲೇ ಗೆಣಸಿನ ಉಂಡೆಗಳನ್ನು ಮಗ್ಗುಲು ತಿರುವಿ ಹಾಕಿದಳು.

"ಮಧ್ಯಾನಕ್ಕೆ ಒಣಗ್ತದೆ ಕಣಪ್ಪ. ಒಣಗಿದ ಮ್ಯಾಲೆ ನೀನು ಹೇಳದಿದ್ರೂ ಎತ್ತೀನಿ. ನಿಮ್ಮವ್ವನೂ ಇಲ್ಲೇ ಕುಂತು ಒಣಗಿಸಿ ಅಲ್ವಾ ನಿನಗೆ ಇಸ್ಕೂಲ್ ಫೀಜು ಕಟ್ಟಿದ್ದು."

"ನಮ್ಮವ್ವನ ಸುದ್ದಿ ಬೇಡ."

"ಅವಳಿಗೂ ನಿನ್ನ ಸುದ್ದಿ ಬೇಡವಾಗಿತ್ತು, ಪಾಪ, ಅದಕ್ಕೇ ಬೇಗ ಹೋದ್ಲು" ಎಂದಳು ಪಕ್ಕದ ತಟ್ಟಿಯ ಒಘಾಲೆ. ಒಘಾಲೆಗೆ ಒಂದೇ ಕಣ್ಣು. ಇನ್ನೊಂದನ್ನು ಬೆಂಕಿ ತಿಂದಿತ್ತು. ನಾಲಗೆಯನ್ನು ತಿನ್ನಲು ಬೆಂಕಿಗೂ ಧೈರ್ಯವಾಗಿರಲಿಲ್ಲ.

ಟೊಬೋರೆ ಪೊಲೀಸರತ್ತ ತಿರುಗಿ ಗದ್ದ ಎತ್ತಿದ. ಅಷ್ಟೇ ಸಾಕಾಯಿತು. ಬೂಟುಗಾಲುಗಳು ಸಾಲಾಗಿ ಬಂದು ತಟ್ಟಿಗಳನ್ನು ಒಂದೊಂದಾಗಿ ಒದ್ದು ಚರಂಡಿಗೆ ಹಾಕಿದವು. ಒಬ್ಬ ಪೊಲೀಸಿನವನು ಒದೆಯುವ ಮುಂಚೆ "ಕ್ಷಮಿಸವ್ವ" ಎಂದ. ಆಮೇಲೆ ಎಲ್ಲರಿಗಿಂತ ದೂರಕ್ಕೆ ಒದ್ದ.

ಒಟೊರೆ ಎಂಬ ಆ ಊರಿನಲ್ಲಿ ಕತ್ತಲಾಗಿ ಎರಡು ತಲೆಮಾರೇ ಕಳೆದಿತ್ತು. ನೆಲದಿಂದ ಎಣ್ಣೆ ಎತ್ತುವಾಗ ಜೊತೆಗೆ ಬರುವ ಗ್ಯಾಸನ್ನು ಏನು ಮಾಡುವುದೆಂದು ತೋಚದೆ ಕಂಪನಿಯವರು ಊರ ಮಗ್ಗುಲಲ್ಲೇ ಒಂದು ಕೊಳವೆಯ ಬಾಯಿಗೆ ಬೆಂಕಿ ಇಟ್ಟಿದ್ದರು. ಹಗಲೂ ರಾತ್ರಿ ಹೋರಿಯಂತೆ ಗುಟುರು ಹಾಕುತ್ತಾ ನಿಂತ ಆ ಬೆಂಕಿ ಅಂದಿನಿಂದ ಆರಿಲ್ಲ. ಮೊದಮೊದಲು ಕೋಳಿಹುಂಜಗಳು ಗಲಿಬಿಲಿಗೊಂಡು ಹೊತ್ತುಗೊತ್ತಿಲ್ಲದೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವು. ಕೊನೆಗೆ ಕೂಗುವ ಕಸುಬನ್ನೇ ಬಿಟ್ಟವು. ಗೂಬೆಗಳು ಸಂಸಾರ ಸಮೇತ ಊರು ಬಿಟ್ಟವು. ಹೊಸದಾಗಿ ಮದುವೆಯಾದ ಹೆಣ್ಣುಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಿ, ಬೆಳಗ್ಗೆ ಎದ್ದು ಪಕ್ಕದಲ್ಲಿರುವುದು ತಮ್ಮ ಗಂಡನೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಒಘಾಲೆಯ ಮಗಳು ಮೊದಲ ಸಲ ದೂರದ ನೆಂಟರ ಮನೆಗೆ ಹೋದವಳು, ರಾತ್ರಿಯಾದದ್ದೇ ತಡ, ಕಣ್ಣು ಹೋಯಿತೆಂದು ಎದೆ ಬಡಿದುಕೊಂಡು ಅತ್ತಿದ್ದಳು. ನೆಂಟರು ಅವಳಿಗೆ ಕತ್ತಲೆ ಎಂದರೇನೆಂದು ವಿವರಿಸಬೇಕಾಯಿತು.

ಬೆಂಕಿ ಆರಿಸಿ ಎಂದು ಊರವರು ಕೇಳಿದರು. ಮಕ್ಕಳು ಕೆಮ್ಮುತ್ತವೆ ಎಂದರು, ಮಳೆ ಹುಳಿಯಾಗಿ ಮನೆಯ ತಗಡು ತೂತಾಗುತ್ತದೆ ಎಂದರು. ಕಂಪನಿ ಕೇಳಿಸಿಕೊಂಡಿತು. ಕೇಳಿಸಿಕೊಳ್ಳುವುದಕ್ಕೆಂದೇ ಟೊಬೋರೆಯಂಥವರನ್ನು ಇಟ್ಟಿತ್ತು. ಕೊನೆಗೆ ಹೆಂಗಸರು ಬೆಂಕಿಗೇ ಕೆಲಸ ಹಚ್ಚಿದರು. ಹಿಂಡಿದ ಗೆಣಸನ್ನು ಉಂಡೆ ಕಟ್ಟಿ, ತಟ್ಟಿಯಲ್ಲಿ ಹರಡಿ, ಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಉಸಿರು ಹಿಡಿದು ಒಳಗೆ ಓಡುವುದು, ಇಟ್ಟು ಹೊರಗೆ ಓಡುವುದು. ಗಾಳಿ ತಿರುಗಿದರೆ ಬೆಂಕಿ ನೆಲಕ್ಕೆ ಬಗ್ಗಿ ನೆಕ್ಕುತ್ತದೆ. ನೆಕ್ಕಿಸಿಕೊಂಡವರು ಊರಲ್ಲಿ ಎಷ್ಟೋ ಜನ. ಆದರೂ ಮಳೆಗಾಲವಿಡೀ ಬಿಸಿಲು ಕಾಣದ ಆ ಸೀಮೆಯಲ್ಲಿ ಗೆಣಸು ಒಣಗುವುದಕ್ಕೆ ಬೇರೆ ಜಾಗವಿರಲಿಲ್ಲ. ವಾರಿ ಪಟ್ಟಣದ ಪೇಟೆಯಲ್ಲಿ ಒಟೊರೆಯ ಒಣಗೆಣಸು ಎಂದರೆ ಜನ ಮುಗಿಬೀಳುತ್ತಿದ್ದರು. ಊರು ಉಣ್ಣುತ್ತಿದ್ದದ್ದು ಅದರಿಂದಲೇ.

ಈಗ ಕಂಪನಿಗೆ ಸಾಲ ಕೊಡುವ ಹೊರದೇಶದವರು ಯಾವುದೋ ಪತ್ರಿಕೆಯಲ್ಲಿ ಬೆಂಕಿಯ ಪಕ್ಕದ ಹೆಂಗಸರ ಫೋಟೋ ನೋಡಿ, ಛೆ, ಇದೇನಿದು, ನೋಡುವುದಕ್ಕಾಗುವುದಿಲ್ಲ ಎಂದರಂತೆ. ಕಂಪನಿ ಲೆಕ್ಕ ಹಾಕಿತು. ಬೆಂಕಿ ಆರಿಸುವುದಕ್ಕೆ ಖರ್ಚು ಜಾಸ್ತಿ, ಹೆಂಗಸರನ್ನು ಓಡಿಸುವುದಕ್ಕೆ ಕಮ್ಮಿ. ಹಾಗಾಗಿ ಸುತ್ತಲೂ ಮುಳ್ಳುತಂತಿ ಬೇಲಿ. ಬೇಲಿಯ ಬದಲಿಗೆ ಊರಿಗೊಂದು ಉಡುಗೊರೆ: ಬಿಸಿಲು ಕುಡಿದು ಉರಿಯುವ ದೀಪದ ಕಂಬ. ಅದನ್ನು ಉದ್ಘಾಟಿಸಲು ರಾಜಧಾನಿ ಅಬುಜಾದಿಂದ ಇಂಧನ ಮಂತ್ರಿಯೇ ಬರುವವರಿದ್ದರು.

ಮಂತ್ರಿ ಸಂಜೆ ಬಂದರು. ಕೆಂಪು ಹಾಸು, ಶಾಮಿಯಾನ, ತಂಪು ಪೆಟ್ಟಿಗೆಯಲ್ಲಿ ಬಿಯರು. ಬೆಂಕಿಯ ಧಗೆಗೆ ಬಿಯರು ಬೆಚ್ಚಗಾಯಿತು, ಮಂತ್ರಿ ತಣ್ಣಗಾಗಲಿಲ್ಲ. ಹೆಂಗಸರನ್ನು ತೊಳೆದ ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, ಯಾವಾಗ ಚಪ್ಪಾಳೆ ತಟ್ಟಬೇಕೆಂದು ಟೊಬೋರೆ ಎರಡು ಸಲ ಕಲಿಸಿಕೊಟ್ಟಿದ್ದ.

"ಮಹಾಸ್ವಾಮಿ, ಇದಕ್ಕೆ ಸ್ವಿಚ್ಚೇ ಇಲ್ಲ" ಎಂದ ಟೊಬೋರೆ ಹಲ್ಲು ಬಿಡುತ್ತಾ. "ತಲೆ ಮೇಲೆ ಒಂದು ಕಣ್ಣಿದೆ. ಕತ್ತಲಾದದ್ದು ಕಂಡ್ರೆ ತಾನೇ ಹೊತ್ಕೊಳತ್ತೆ."

ಎಲ್ಲರೂ ಕಂಬ ನೋಡುತ್ತಾ ನಿಂತರು. ಹೊತ್ತು ಮುಳುಗಿತು. ದೀಪ ಹೊತ್ತಿಕೊಳ್ಳಲಿಲ್ಲ. ಮಂತ್ರಿ ಗಡಿಯಾರ ನೋಡಿಕೊಂಡರು. ಟೊಬೋರೆ ಕಂಬ ತಟ್ಟಿದ, ಅಲ್ಲಾಡಿಸಿದ, ಕಿವಿಯಿಟ್ಟು ಕೇಳಿದ.

"ಕತ್ತಲಾಗೋದು ಯಾವಾಗಯ್ಯಾ ಇಲ್ಲಿ?" ಎಂದರು ಮಂತ್ರಿ.

ಸಾಲಿನಲ್ಲಿ ನಿಂತಲ್ಲಿಂದಲೇ ಮಾಜಿರಿ ಉತ್ತರ ಕೊಟ್ಟಳು. "ಆಗಕಿಲ್ಲ ಸ್ವಾಮಿ. ನಮ್ಮತ್ತೆ ಕಾಲದಲ್ಲಿ ಒಂದು ಕಿತ ಆಗಿತ್ತು."

"ಮುಚ್ಚೇ ಬಾಯಿ" ಎಂದ ಟೊಬೋರೆ.

"ನಾವು ಮುಚ್ಚಿದ್ರೆ ಆಯ್ತದಾ? ದೀಪದ ಕಣ್ಣು ಮುಚ್ಚಬೇಕು" ಎಂದಳು ಒಘಾಲೆ.

ಅವಳು ಅಂದದ್ದು ತಮಾಷೆಗೆ. ಟೊಬೋರೆಗೆ ಅದೇ ಉಪಾಯವಾಯಿತು. ಅತ್ತಿತ್ತ ನೋಡಿದ. ಕೈಗೆ ಸಿಕ್ಕಿದ್ದು ಮಾಜಿರಿಯ ತಲೆವಸ್ತ್ರ. ಒಂದೇ ಎಳೆತಕ್ಕೆ ಕಿತ್ತುಕೊಂಡ.

ಮಾಜಿರಿಯ ತಲೆ ಬಯಲಾಯಿತು. ಹಿಂದೊಮ್ಮೆ ಬೆಂಕಿ ನೆಕ್ಕಿದ ಆ ತಲೆಯಲ್ಲಿ ಒಂದೂ ಕೂದಲಿರಲಿಲ್ಲ. ಕರಗಿ ಮುದ್ದೆಗಟ್ಟಿದ ಚರ್ಮ ಒಂದು ಕಿವಿಯನ್ನೂ ನುಂಗಿಕೊಂಡು ಕುತ್ತಿಗೆಯವರೆಗೆ ಇಳಿದಿತ್ತು. ಸ್ವಂತ ಮೊಮ್ಮಕ್ಕಳಿಗೂ ಅವಳು ಅದನ್ನು ತೋರಿಸಿದವಳಲ್ಲ. ಶಾಮಿಯಾನದಲ್ಲಿ ಯಾರೋ ಕಿಸಕ್ಕೆಂದರು. ಫೋಟೋದವನು ಕ್ಯಾಮರಾ ಎತ್ತಿದ.

"ಅದನ್ನ ತೆಗೀಬೇಡ್ರೀ, ಅಸಹ್ಯ" ಎಂದರು ಮಂತ್ರಿ.

ಮಾಜಿರಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನಿಂತಳು. ಅಂಗೈಗಳು ಸಣ್ಣವು, ತಲೆ ದೊಡ್ಡದು. ಒಬ್ಬ ಪೊಲೀಸಿನವನು ಏಣಿ ಹತ್ತಿ ಅವಳ ಬಟ್ಟೆಯನ್ನು ದೀಪದ ಕಣ್ಣಿಗೆ ಕಟ್ಟಿದ. ದೀಪ ಮೋಸ ಹೋಗಿ ಹೊತ್ತಿಕೊಂಡಿತು. ಬೆಂಕಿಯ ಬೆಳಕಿನಲ್ಲಿ ಅದು ಹೊತ್ತಿದ್ದು ಗೊತ್ತಾಗಲು ಹಣೆಗೆ ಕೈ ಅಡ್ಡ ಹಿಡಿದು ನೋಡಬೇಕಿತ್ತು. ಚಪ್ಪಾಳೆ ಬಿತ್ತು.

"ತಾಯಂದಿರೇ" ಎಂದರು ಮಂತ್ರಿ, "ಇನ್ನು ನೀವು ಆ ಬೆಂಕಿಯ ಹತ್ತಿರ ಹೋಗಿ ಮೈ ಸುಟ್ಟುಕೊಳ್ಳಬೇಕಾಗಿಲ್ಲ. ನಾಳೆಯೇ ಬೇಲಿ ಬರುತ್ತೆ. ಬೆಳಕು ಬಂದ ಊರಿಗೆ ಏನು ತಾನೇ ಕಮ್ಮಿ?"

ಟೊಬೋರೆ ಮಾಜಿರಿಯ ಬೆನ್ನಿಗೆ ಬೆರಳಿಂದ ತಿವಿದ. ಉಪಕಾರ ಸ್ಮರಣೆಯ ಮಾತು ಅವಳ ಪಾಲಿಗಿತ್ತು.

ಮಾಜಿರಿ ತಲೆಯಿಂದ ಕೈ ತೆಗೆದಳು.

"ದೊಡ್ಡ ಉಪಕಾರ ಆಯ್ತು ಸ್ವಾಮಿ. ಬೆಂಕಿ ಬ್ಯಾಡ, ದೀಪ ಸಾಕು ಅಂದ್ರಿ. ಆಯ್ತು. ಇದ್ರಲ್ಲೇ ಒಣಗಿಸ್ತೀವಿ. ಒಘಾಲೆ, ತರ್ರೇ."

ಚರಂಡಿಯಿಂದ ಆರಿಸಿ, ತೊರೆಯಲ್ಲಿ ತೊಳೆದಿಟ್ಟಿದ್ದ ಗೆಣಸೆಲ್ಲ ಬಂತು. ಕಂಬದ ಬುಡ ತುಂಬಿತು, ಕೆಂಪು ಹಾಸು ತುಂಬಿತು, ಮಂತ್ರಿಯ ಕಾರಿನ ಮೂತಿಯ ಮೇಲೆ ಒಘಾಲೆ ಒಂದು ತಟ್ಟಿ ಹರಡಿದಳು. ಜಾಗ ಸಾಲದೆ ಚಕ್ರಗಳ ಮುಂದೆಯೂ ಹರಡಿ, ತಟ್ಟಿಗೊಬ್ಬಳಂತೆ ಹೆಂಗಸರು ಕಾಲು ಚಾಚಿ ಕೂತರು. ಹುಳಿ ನೀರಿನ ವಾಸನೆ ಎದ್ದಿತು. ಮಂತ್ರಿ ಕಾರಿನೊಳಗೆ ಸೇರಿಕೊಂಡರು.

"ಎಳ್ದು ಹಾಕ್ರೋ ಇವರನ್ನ" ಎಂದು ಟೊಬೋರೆ ಕೂಗಿದ.

ಪೊಲೀಸರು ಮುಂದೆ ಬಂದರು. ಮಾಜಿರಿ ಎದ್ದು ನಿಂತು, ಸೊಂಟಕ್ಕೆ ಸುತ್ತಿದ ಬಟ್ಟೆಯ ಗಂಟಿನ ಮೇಲೆ ಕೈಯಿಟ್ಟಳು. ಉಳಿದ ಮುದುಕಿಯರೂ ಎದ್ದು ಹಾಗೇ ಮಾಡಿದರು. ಹೆತ್ತ ಮುದುಕಿ ಸಿಟ್ಟಿನಲ್ಲಿ ಬೆತ್ತಲೆ ನಿಂತದ್ದನ್ನು ಕಂಡ ಗಂಡಸು ವರ್ಷ ತುಂಬುವುದರೊಳಗೆ ಮಣ್ಣಾಗುತ್ತಾನೆಂದು ಆ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಪೊಲೀಸರು ಆ ಸೀಮೆಯವರೇ. ಹೇಳಿಕೊಟ್ಟಂತೆ ಒಟ್ಟಿಗೆ ಬೆನ್ನು ತಿರುಗಿಸಿ ನಿಂತರು. ಟೊಬೋರೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೈ ಮುಂದೆ ಚಾಚಿ, ಶಾಮಿಯಾನದ ಗೂಟ ತಡಕಾಡಿದ.

"ಏನಾಯ್ತೋ ನಿಮಗೆ? ಹೊಡೀರಿ" ಎಂದರು ಮಂತ್ರಿ ಕಿಟಕಿಯಿಂದ.

"ಸಂಬಳಕ್ಕೆ ಇಷ್ಟು ಸಾಕು ಸ್ವಾಮಿ" ಎಂದ ಹವಾಲ್ದಾರ, ತಿರುಗದೆಯೇ.

ಮಂತ್ರಿ ಫೋನಿನಲ್ಲಿ ಯಾರಿಗೋ ಏನೋ ಹೇಳಿದರು. ಆಮೇಲೆ ದನಿ ಇಳಿಸಿ ಕೇಳಿದರು, "ಎಷ್ಟು ಹೊತ್ತು ಬೇಕಮ್ಮಾ ಇದು ಒಣಗೋಕೆ?"

ಮಾಜಿರಿ ಕಾರಿನ ಮೇಲಿನ ಒಂದು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಿಳಿ ನೀರು ಜಿನುಗಿ ಗಾಜಿನ ಮೇಲೆ ಇಳಿಯಿತು.

"ಇನ್ನೂ ಹಸಿ ಐತೆ. ಕುಂತ್ಕಳಿ."

ಹೊತ್ತು ಹೋಯಿತು. ಊರಾಚೆಯ ದಾರಿಯಲ್ಲಿ ಲಾರಿಗಳ ಸದ್ದು ಕೇಳಿತು. ಶಾಮಿಯಾನದ ಹತ್ತಿರ ಬಂದು ನಿಂತ ಲಾರಿಗಳಿಂದ ಬಂದೂಕಿನವರು ಇಳಿದರು. ದೂರದ ಬಡಗಣ ಸೀಮೆಯ ಹುಡುಗರು, ಬೇರೆ ಭಾಷೆಯವರು. ಮುದುಕಿಯರ ಕೈ ಎಲ್ಲಿದೆಯೆಂದು ನೋಡಿ ಒಬ್ಬನ ಮುಖವೂ ಬಿಳಿಚಲಿಲ್ಲ. ಒಬ್ಬ ಚಕ್ರದ ಮುಂದಿದ್ದ ಒಘಾಲೆಯ ತಟ್ಟಿಯ ಮೇಲೆಯೇ ಕಾಲಿಟ್ಟು ದಾಟಿದ.

"ಅಕ್ಕಾ" ಎಂದಳು ಒಘಾಲೆ, "ಇವ್ರಿಗೆ ಗೊತ್ತಿಲ್ಲ ಕಣೇ."

"ಗೊತ್ತಾಗ್ಲಿ" ಎಂದು ಮಾಜಿರಿ ಗಂಟು ಬಿಚ್ಚಿದಳು.